ಕ್ಯಾಮೆರಾಗೆ ಥಂಡಿ ಹಿಡಿದ ಕಥೆ

ಹುಣಸೂರು, ಎಚ್.ಡಿ.ಕೋಟೆ ಕಡೆ ಮಳೆಗಾಲ ಹಿಡಿದರೆ ಬೆಂಕಿಪೊಟ್ಟಣವೂ ಮೆತ್ತಗಾಗುತ್ತೆ. ಅಲ್ಲಿ ಡಿಜಿಟಲ್ ಕ್ಯಾಮೆರಾ ಕೆಟ್ಟರೆ 'ಥಂಡಿ ಹಿಡೀತು ಬಿಡು' ಅಂತ ಬೀರುವಿಗೆ ಸೇರಿಸಿದವರೇ ಜಾಸ್ತಿ. ಮಾತು ಅರ್ಧ ನಿಜ ಕಣ್ರೀ!

2005ರ ಅಕ್ಟೋಬರ್‌ನಲ್ಲಿ ಸೋನಿ, ಕ್ಯಾನನ್, ನಿಕಾನ್, ಫ್ಯೂಜಿ ಎಲ್ಲವೂ ಒಂದರ ಹಿಂದೊಂದು ತಪ್ಪೊಪ್ಪಿಗೆ ಹೊರಡಿಸಿದವು. ಹೆಸರು ಬೇರೆ ಬೇರೆ, ಒಳಗಿನ ಕಣ್ಣು ಮಾತ್ರ ಒಂದೇ: ಸೋನಿ ತಯಾರಿಸಿದ ಸಿಸಿಡಿ. 2002-04ರ ಸುಮಾರಿನ ಕೆಲವು ಸಿಸಿಡಿಗಳ ಒಳಗಿನ ಸೂಕ್ಷ್ಮ ತಂತಿಯ ಜೋಡಣೆ, ಬಿಸಿ ಮತ್ತು ತೇವ ಎರಡೂ ತಾಗಿದರೆ ಬಿಟ್ಟುಹೋಗುತ್ತಿತ್ತು. ಕ್ಯಾನನ್ ಎ70, ಎ75 ಕೂಡ ಪಟ್ಟಿಯಲ್ಲಿದ್ದವು. ವಾರಂಟಿ ಮುಗಿದಿದ್ದರೂ ರಿಪೇರಿ ಉಚಿತ. ಆದರೆ ಆ ಪ್ರಕಟಣೆಗಳು ಬಂದದ್ದು ಇಂಟರ್ನೆಟ್ಟಿನಲ್ಲಿ, ಇಂಗ್ಲಿಷಿನಲ್ಲಿ. ಪಿರಿಯಾಪಟ್ಟಣದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಹೇಳೋರು ಯಾರು?

ಗುರುತಿಸೋದು ಸುಲಭ. ಫೋಟೋ ತೆಗೆಯುವಾಗ ಪರದೆಯಲ್ಲಿ ನೇರಳೆ ಬಣ್ಣ, ಕಲಸಿಹೋದ ಗೆರೆ. ಹಳೆಯ ಫೋಟೋ ನೋಡಿದರೆ ಎಲ್ಲ ಸರಿ. ಅಂದರೆ ಪರದೆ ಗಟ್ಟಿಯಾಗಿದೆ, ಕಣ್ಣು ಹೋಗಿದೆ.

ಕ್ಯಾನನ್‌ನ ಕುಖ್ಯಾತ 'ಇ18' ಬೇರೆ ರೋಗ, ಅಲ್ಲಿ ಲೆನ್ಸಿನ ಕೊಳವೆಯೇ ಸಿಕ್ಕಿಕೊಳ್ಳೋದು. ಮರಳು, ಧೂಳು ಸೇರಿದ್ದರೂ ಹೀಗಾಗುತ್ತೆ. ಹೊರಗಿನಿಂದ ಗಾಳಿ ಊದಿ, ಹೊಸ ಬ್ಯಾಟರಿ ಹಾಕಿ ನೋಡಿ. ಸ್ಕ್ರೂ ಬಿಚ್ಚಲು ಹೋಗಬೇಡಿ, ಬ್ಯಾಟರಿ ತೆಗೆದ ಮೇಲೂ ಫ್ಲಾಶ್ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು, ಇಂಜಿನಿಯರಿಂಗ್ ಓದಿದ ಕೈಗೂ ಅದು ರಿಯಾಯಿತಿ ಕೊಡಲ್ಲ :)

ಆ ಉಚಿತ ರಿಪೇರಿಯ ಕಾಲ ಮುಗಿದು ಎಷ್ಟೋ ವರ್ಷ ಆಯ್ತು. ಆದರೆ ಸಿಸಿಡಿ ಸತ್ತರೂ ಮೆಮೊರಿ ಕಾರ್ಡು ಸಾಯೋದಿಲ್ಲ. ಬೀರುವಿನಲ್ಲಿರೋದನ್ನು ಗುಜರಿಗೆ ಹಾಕೋ ಮುಂಚೆ ಕಾರ್ಡು ತೆಗೆದು ಒಂದ್ಸಲ ರೀಡರ್‌ಗೆ ಹಾಕಿ ನೋಡಿ. ಚುಂಚನಕಟ್ಟೆ ಜಾತ್ರೆಯಲ್ಲಿ ನಿಂತ ಅಜ್ಜ ಅದರೊಳಗೇ ಇರಬಹುದು.