ತಡವಾಗಿ ಬಂದ ಕಥೆ: ಜಪಾನಿ ರೋಲ್ ಪ್ಲೇಯಿಂಗ್ ಗೇಮ್‌ಗಳು ಮತ್ತು ಜುಂಜಪ್ಪನ ಕೇಳುಗರು

1997ರ ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ 7’ರ ನಡುಭಾಗದಲ್ಲಿ ಹೂ ಮಾರುವ ಏರಿತ್ ಕೊಲೆಯಾಗುತ್ತಾಳೆ. ಆಟಗಾರ ತಾಸುಗಟ್ಟಲೆ ಜತನದಿಂದ ಬೆಳೆಸಿದ ಪಾತ್ರ ಮತ್ತೆ ಬದುಕಿ ಬರುವುದಿಲ್ಲ. ಆಟದ ಕೀರ್ತಿಯಲ್ಲಿ ಈ ಆಘಾತದ ಪಾಲು ದೊಡ್ಡದು. ಆ ಸಾವು ಮೊದಲೇ ಗೊತ್ತಿರುವವರು ಆಡಲು ಕೂತರೆ ಅವರಿಗೆ ಉಳಿಯುವುದೇನು?

ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಂಥ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು, ಏಕೆಂದರೆ ಅಲ್ಲಿಗೆ ಈ ಆಟಗಳು ತಡವಾಗಿ ಬಂದವು. 1990ರ ದಶಕದಲ್ಲಿ ನಮ್ಮ ಸಣ್ಣ ಊರುಗಳಿಗೆ ಬಂದ ಟಿವಿ ಗೇಮ್‌ಗಳು ಬಹುಪಾಲು ಜಪಾನಿನ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳು. ಕ್ಯಾಸೆಟ್ ಹಾಕಿದರೆ ಮಾರಿಯೋ, ಕಾಂಟ್ರಾ. ‘ಡ್ರ್ಯಾಗನ್ ಕ್ವೆಸ್ಟ್’ (1986), ಮೊದಲ ‘ಫೈನಲ್ ಫ್ಯಾಂಟಸಿ’ (1987) ಹುಟ್ಟಿದ್ದೂ ಫ್ಯಾಮಿಕಾಮ್‌ನಲ್ಲೇ. ಆದರೆ ಅವು ಓದಿ ಆಡುವ ಆಟಗಳು. ಎರಡನೆಯದಕ್ಕಂತೂ ಆಟವನ್ನು ಉಳಿಸಿಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇಕು. ಹಲವು ಆಟಗಳನ್ನು ತುಂಬಿದ ಅಗ್ಗದ ಕ್ಯಾಸೆಟ್ಟುಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. 2016ರ ಜುಲೈನಲ್ಲಿ ‘ಫೈನಲ್ ಫ್ಯಾಂಟಸಿ 7’ ಆಂಡ್ರಾಯ್ಡ್ ಫೋನಿಗೆ ಬಂತು, ಸೆಪ್ಟೆಂಬರಿನಲ್ಲಿ ಜಿಯೋದ ಮೊಬೈಲ್ ಇಂಟರ್ನೆಟ್. ಅಷ್ಟರಲ್ಲಿ ಏರಿತ್‌ಳ ಸಾವು ಜಗಜ್ಜಾಹೀರಾಗಿತ್ತು.

ಕಥೆ ಮೊದಲೇ ಗೊತ್ತಿರುವುದನ್ನು ಬರೀ ನಷ್ಟವೆಂದು ನಾನು ಒಪ್ಪಲಾರೆ; ಗೊತ್ತಿರುವ ಕಥೆಯನ್ನೇ ಕೇಳುವ ರೂಢಿ ನಮ್ಮಲ್ಲೇ ಇದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲ ಸಮುದಾಯದ ಪವಿತ್ರ ನೆಲೆ. ಉದ್ದನೆಯ ಬಿದಿರ ಕೊಳಲಾದ ಗಣೆ ಊದುತ್ತ ಹಾಡುವ ಜುಂಜಪ್ಪನ ಕಾವ್ಯದಲ್ಲಿ ದನಗಾಹಿ ವೀರನ ಸಾಹಸ, ಸೋದರಮಾವಂದಿರ ಹಗೆ, ಕೊನೆಗೆ ಅವನ ಅಂತ್ಯ ಯಾವುದೂ ಹಟ್ಟಿಯವರಿಗೆ ಹೊಸದಲ್ಲ. ಗೊತ್ತಿದ್ದೇ ಕೇಳಲು ಕೂರುತ್ತಾರೆ. ಹಾಡುಗಾರ ಆ ಘಟ್ಟಕ್ಕೆ ಹೇಗೆ ಬರುತ್ತಾನೆ, ಎಲ್ಲಿ ಮಾತು ನಿಲ್ಲಿಸಿ ಗಣೆಗೆ ಉಸಿರು ಕೊಡುತ್ತಾನೆ ಎಂಬುದರ ಮೇಲೆ ಅವರ ಕಿವಿ. ತಡವಾಗಿ ಬರುವ ಆಟಗಾರನೂ ಇಂಥ ಕೇಳುಗನೇ: ಏರಿತ್ ಸಾಯುವಳೆಂದು ತಿಳಿದೇ ಅವಳಿಗೆ ಆಯುಧ ಕೊಡಿಸುತ್ತಾನೆ, ಪಕ್ಕದಲ್ಲಿ ನಡೆಸುತ್ತಾನೆ. ಆಘಾತ ಹೋಗಿ ಆ ಜಾಗಕ್ಕೆ ಶೋಕ ಬರುತ್ತದೆ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಜುಂಜಪ್ಪ ದೈವ, ಅವನ ಕಥೆ ಕೇಳುವುದು ಭಕ್ತಿ. ಕಾವ್ಯ ಕನ್ನಡದ್ದು, ಕೇಳುವವರು ಹಲವರು. ನಮಗೆ ಸಿಗುವ ಆಟ ಇಂಗ್ಲಿಷಿನದು, ಆಡುವವನು ಒಬ್ಬ. ಆದ್ದರಿಂದ ಪರದೆಯ ಮಾತುಗಳನ್ನಷ್ಟೇ ಕನ್ನಡಕ್ಕೆ ತಂದರೆ ಅರ್ಧ ಕೆಲಸ. ಒಬ್ಬ ಆಡುತ್ತ ಕನ್ನಡದಲ್ಲಿ ಕಥೆ ಬಿಡಿಸಿ ಹೇಳಿ, ಉಳಿದವರು ನೋಡುತ್ತ ಮಾತು ಸೇರಿಸುವ ನೇರಪ್ರಸಾರಗಳಲ್ಲಿ ಈ ಆಟಗಳಿಗೆ ಮತ್ತೆ ಕೇಳುಗರು ಸಿಗುತ್ತಾರೆ. ನಮ್ಮ ಸೀಮೆಯಲ್ಲಿ ಇವುಗಳ ಸ್ವೀಕಾರವನ್ನು ಅಧ್ಯಯನ ಮಾಡುವವರು ಮಾರಾಟದ ಲೆಕ್ಕಕ್ಕಿಂತ ಮೊದಲು ಅಲ್ಲಿ ಹುಡುಕಬೇಕು.