ಕಿಪುಂಜಿ: ಯಾರಿಗೆ ಹೊಸದು?

‘ಹೊಸ ಪ್ರಾಣಿ ಪತ್ತೆ’ ಎಂಬ ಸುದ್ದಿ ಓದಿದಾಗಲೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ: ಯಾರಿಗೆ ಹೊಸದು? ನಮ್ಮ ಮಲೆನಾಡಿನವರು ಸಿಂಗಳೀಕವನ್ನು ಸಿಂಗಳೀಕ ಎಂದದ್ದು ಲಿನ್ನೇಯಸನ ಪುಸ್ತಕ ಓದಿ ಅಲ್ಲವಲ್ಲ. ತಾಂಜಾನಿಯಾದ ಕಿಪುಂಜಿ ಕೋತಿಯ ಚರಿತ್ರೆ ಓದಿದ ಮೇಲೆ ಈ ತಕರಾರು ಇನ್ನಷ್ಟು ಗಟ್ಟಿಯಾಯಿತು, ಸ್ವಲ್ಪ ತೊಡಕೂ ಆಯಿತು.

ತಾಂಜಾನಿಯಾದ ನೈಋತ್ಯದಲ್ಲಿ ರುಂಗ್ವೆ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ತಪ್ಪಲಿನಲ್ಲಿ ನ್ಯಾಕ್ಯೂಸಾ ಜನರ ಊರುಗಳು. 2003ರಲ್ಲಿ ಟಿಮ್ ಡೇವನ್‌ಪೋರ್ಟ್ ಅವರ ತಂಡ ಅಲ್ಲಿನ ಬೇಟೆಗಾರರನ್ನು ಮಾತನಾಡಿಸುತ್ತಿದ್ದಾಗ ‘ಕಿಪುಂಜಿ’ ಎಂಬ ನಾಚುವ ಕೋತಿಯ ಪ್ರಸ್ತಾಪ ಬಂತು. ಅವರ ಕತೆಗಳಲ್ಲಿ ನಿಜದ ಪ್ರಾಣಿಗಳ ಜೊತೆ ಕಲ್ಪನೆಯವೂ ಓಡಾಡುತ್ತವೆ. ಇದೂ ಅಂಥದ್ದೇ ಇರಬಹುದೆಂದು ಸಂಶೋಧಕರು ಅನುಮಾನಿಸಿದರು. ಆದರೆ ಅದೇ ವರ್ಷ ಕೋತಿ ಕಾಣಿಸಿತು. ಕಂದು ಬಣ್ಣದ ಉದ್ದ ಕೂದಲು, ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟು, ಕಪ್ಪು ಮುಖ, ಅಪರೂಪದ ಗೊಗ್ಗರು ಕೂಗು.

2004ರಲ್ಲಿ ಸುಮಾರು 350 ಕಿಲೋಮೀಟರ್ ದೂರದ ಉಡ್ಜುಂಗ್ವಾ ಬೆಟ್ಟಗಳ ಎನ್‌ಡುಂಡುಲು ಕಾಡಿನಲ್ಲಿ ಟ್ರೆವರ್ ಜೋನ್ಸ್ ಅವರ ತಂಡಕ್ಕೂ ಅದೇ ಕೋತಿ ಸಿಕ್ಕಿತು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಎರಡೂ ತಂಡಗಳು ಸೇರಿ 2005ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದವು. ಇಷ್ಟು ವಿರಳವಾದ ಪ್ರಾಣಿಯನ್ನು ಮಾದರಿಗಾಗಿ ಕೊಲ್ಲುವುದು ಬೇಡವೆಂದು ಛಾಯಾಚಿತ್ರವನ್ನೇ ಆಧಾರವಾಗಿಟ್ಟರು. ಕಳೇಬರವಿಲ್ಲದೆ ಹೆಸರಿಡುವುದು ಸರಿಯೇ ಎಂಬ ಚರ್ಚೆಯೂ ಎದ್ದಿತು.

ಅದೇ ವರ್ಷ ರುಂಗ್ವೆಯಲ್ಲಿ ರೈತನೊಬ್ಬ ಒಡ್ಡಿದ್ದ ಬೋನಿಗೆ ಎಳೆಯ ಗಂಡು ಕಿಪುಂಜಿಯೊಂದು ಸಿಕ್ಕಿ ಸತ್ತಿತು. ಅದರ ಡಿಎನ್ಎ ನೋಡಿದಾಗ ಇದು ಮೊದಲು ಎಣಿಸಿದಂತೆ ಮಂಗಾಬೆ ಅಲ್ಲ, ಬಬೂನ್‌ಗಳಿಗೆ ಹತ್ತಿರದ್ದು ಎಂದು ತಿಳಿಯಿತು. 2006ರಲ್ಲಿ ‘ರುಂಗ್ವೆಸೀಬಸ್’ ಎಂಬ ಹೊಸ ಕುಲವೇ ಹುಟ್ಟಿತು. ಆಫ್ರಿಕಾದ ಕೋತಿಗಳಲ್ಲಿ ಹೊಸ ಕುಲವೊಂದು ಸೇರಿದ್ದು 83 ವರ್ಷಗಳ ನಂತರ.

2008ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಸಿಕ್ಕವು 1,117. ಮುಂಬೈ ಲೋಕಲ್ಲಿನ ಒಂದು ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಜನರಿರುತ್ತಾರೆ. ಮರಗಳ್ಳತನ, ಇದ್ದಿಲು ಸುಡುವುದು, ಬೇಟೆ, ತುಂಡಾದ ಕಾಡು: ಕಾರಣಗಳು ನಮಗೆ ಅಪರಿಚಿತವೇನಲ್ಲ.

ನನ್ನ ತಕರಾರು ತೊಡಕಾದದ್ದು ಇಲ್ಲಿಯೇ. ಹೆಸರು ಕೊಟ್ಟವರು ಬೇಟೆಗಾರರು. ಬೋನು ಒಡ್ಡಿದವನೂ ಆ ಊರಿನ ರೈತನೇ. ಲ್ಯಾಟಿನ್ ಹೆಸರಿನ ಬಾಲದಲ್ಲಿ ‘ಕಿಪುಂಜಿ’ ಉಳಿದದ್ದು ನನಗೆ ಸಂತೋಷವೇ. ಆದರೆ ಬಲ್ಲವರೆಲ್ಲ ಕಾಯುತ್ತಾರೆಂದೇನಿಲ್ಲ. ಅವರ ಮಾತನ್ನು ನಂಬಿದಂತೆ ಅವರ ಹೊಟ್ಟೆಪಾಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಆ ಹೆಸರಿನ ಹಿಂದೆ ಒಂದು ಜೀವ ಉಳಿದೀತು.