ಐತಿಹಾಸಿಕ ಯುದ್ಧಕ್ರೀಡೆಯ ಕಿರುಗೊಂಬೆಗಳು

ಐತಿಹಾಸಿಕ ಯುದ್ಧಕ್ರೀಡೆಯ ಕಿರುಗೊಂಬೆಗಳು ಎಂದರೆ, ಹಿಂದೆ ನಡೆದ ಯುದ್ಧಗಳನ್ನು ಮೇಜಿನ ಮೇಲೆ ನಿಯಮಬದ್ಧವಾಗಿ ಮರುರೂಪಿಸುವ ಆಟದಲ್ಲಿ ಸೈನಿಕರು, ಕುದುರೆಗಳು, ಆನೆಗಳು, ಫಿರಂಗಿಗಳು ಮೊದಲಾದವನ್ನು ಪ್ರತಿನಿಧಿಸುವ ಚಿಕ್ಕ ಪ್ರತಿಮೆಗಳು. ಇವುಗಳನ್ನು ತವರ ಮತ್ತು ಸೀಸದ ಮಿಶ್ರಲೋಹ, ಪ್ಲಾಸ್ಟಿಕ್ ಅಥವಾ ರೆಸಿನ್‌ನಿಂದ ತಯಾರಿಸುತ್ತಾರೆ. ಸಾಮಾನ್ಯವಾಗಿ ಗೊಂಬೆಗಳು ಬಣ್ಣವಿಲ್ಲದೆ ದೊರೆಯುವುದರಿಂದ, ಅವುಗಳಿಗೆ ಆಯಾ ಕಾಲದ ಉಡುಪಿನ ಬಣ್ಣ ಹಚ್ಚಿ, ಪೀಠದ ಮೇಲೆ ನಿಲ್ಲಿಸಿ, ದಳಗಳಾಗಿ ವಿಂಗಡಿಸುವುದು ಆಟಗಾರನ ಕೆಲಸ. ಮೈಸೂರು ಯುದ್ಧಗಳು ಈ ಹವ್ಯಾಸಕ್ಕೆ ವಸ್ತುವಾಗಿವೆ. ವಿಜಯನಗರದ ಸೇನೆ ಮತ್ತು ಕಿತ್ತೂರಿನ ಕದನಗಳೂ ಇದಕ್ಕೆ ತಕ್ಕ ವಿಷಯಗಳು.

ಇತಿಹಾಸ

ಸೈನ್ಯವನ್ನು ಚಿಕ್ಕ ಕಾಯಿಗಳಿಂದ ಪ್ರತಿನಿಧಿಸುವ ಕಲ್ಪನೆ ಭಾರತಕ್ಕೆ ಹೊಸದಲ್ಲ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯಿಂದಲೇ ಚತುರಂಗ ಎಂಬ ಆಟಕ್ಕೆ ಹೆಸರು ಬಂದಿತು. ಆದರೆ ಚತುರಂಗದಲ್ಲಿ ನಿರ್ದಿಷ್ಟ ಯುದ್ಧದ ನೆಲವಾಗಲಿ, ನಿರ್ದಿಷ್ಟ ಸೇನೆಯ ಉಡುಪಾಗಲಿ ಇರುವುದಿಲ್ಲ. ಅವು ಆಟದೊಳಗೆ ಬಂದದ್ದು ಯುರೋಪಿನಲ್ಲಿ. ಪ್ರಷ್ಯದ ರೈಸ್‌ವಿಟ್ಸ್ 1812ರಲ್ಲಿ ತಾನು ರೂಪಿಸಿದ ಯುದ್ಧದ ಆಟವನ್ನು ಅಲ್ಲಿನ ದೊರೆಗೆ ಒಪ್ಪಿಸಿದನು. ಅವನ ಮಗ 1824ರಲ್ಲಿ ಅದರ ಸುಧಾರಿತ ನಿಯಮಗಳನ್ನು ಪ್ರಕಟಿಸಿದನು. ‘ಕ್ರೀಗ್‌ಸ್ಪೀಲ್’ ಎಂಬ ಈ ಆಟವನ್ನು ಭೂಪಟದ ಮೇಲೆ ತುಂಡುಗಳನ್ನು ಸರಿಸಿ, ದಾಳ ಉರುಳಿಸಿ, ನಿರ್ಣಾಯಕನೊಬ್ಬನ ಸಮ್ಮುಖದಲ್ಲಿ ಆಡುತ್ತಿದ್ದರು. ಅದರ ಉದ್ದೇಶ ಸೇನಾಧಿಕಾರಿಗಳ ಶಿಕ್ಷಣವಾಗಿತ್ತು.

ಗೊಂಬೆಗಳ ಇತಿಹಾಸ ಬೇರೆ ದಾರಿಯದು. 18ನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣವು ಚಪ್ಪಟೆ ತವರದ ಸೈನಿಕರಿಗೆ ಹೆಸರಾಯಿತು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆ ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ದು ಅಗ್ಗದ ಬೆಲೆಗೆ ಮಾರತೊಡಗಿತು. ಇಂತಹ ಗೊಂಬೆಗಳನ್ನೇ ಬಳಸಿ ಸಾಮಾನ್ಯರು ಆಡಬಹುದಾದ ನಿಯಮಗಳನ್ನು ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಬರೆದನು. 1950ರ ದಶಕದಲ್ಲಿ ಅಮೆರಿಕದ ಜಾಕ್ ಸ್ಕ್ರಬಿ ಯುದ್ಧಕ್ರೀಡೆಗೆಂದೇ ಗೊಂಬೆಗಳನ್ನು ಎರಕ ಹೊಯ್ದನು. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ‘ವಾರ್ ಗೇಮ್ಸ್’ ಪುಸ್ತಕವು ಹವ್ಯಾಸವನ್ನು ವ್ಯಾಪಕಗೊಳಿಸಿತು. ಇಂದು ಗಣಕದಲ್ಲಿ ರೂಪಿಸಿದ ಗೊಂಬೆಗಳನ್ನು ಮೂರು ಆಯಾಮದ ಮುದ್ರಕದಿಂದ ಮನೆಯಲ್ಲೇ ಪಡೆಯುವುದೂ ಸಾಧ್ಯವಾಗಿದೆ.

ಅಳತೆ ಮತ್ತು ಪ್ರಮಾಣ

ಗೊಂಬೆಯ ಅಳತೆಯನ್ನು ನಿಂತ ಮನುಷ್ಯನ ಎತ್ತರದಿಂದ ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. 6, 10, 15, 20, 28 ಮತ್ತು 54 ಮಿ.ಮೀ. ಅಳತೆಗಳು ಹೆಚ್ಚು ಬಳಕೆಯಲ್ಲಿವೆ. 28 ಮಿ.ಮೀ. ಗೊಂಬೆಯಲ್ಲಿ ಮುಖಭಾವ, ಗುಂಡಿ, ಸೊಂಟಪಟ್ಟಿಗಳನ್ನು ಬಿಡಿಸಬಹುದು. 6 ಮಿ.ಮೀ. ಗೊಂಬೆಯಲ್ಲಿ ವ್ಯಕ್ತಿಗಿಂತ ದಳದ ಒಟ್ಟು ಆಕಾರ ಮುಖ್ಯವಾಗುತ್ತದೆ.

ಇಲ್ಲಿ ಮೂರು ಪ್ರಮಾಣಗಳನ್ನು ಬೇರೆಬೇರೆಯಾಗಿ ತಿಳಿಯಬೇಕು.

- ಗೊಂಬೆಯ ಪ್ರಮಾಣ: ನಿಜವಾದ ಮನುಷ್ಯನಿಗೂ ಗೊಂಬೆಗೂ ಇರುವ ಅನುಪಾತ. 28 ಮಿ.ಮೀ. ಗೊಂಬೆಗೆ ಇದು ಸರಿಸುಮಾರು 1:60, 15 ಮಿ.ಮೀ. ಗೊಂಬೆಗೆ ಸುಮಾರು 1:100.
- ನೆಲದ ಪ್ರಮಾಣ: ರಣಭೂಮಿಗೂ ಮೇಜಿಗೂ ಇರುವ ಅನುಪಾತ. 1:60ರ ಲೆಕ್ಕದಲ್ಲೇ ನೆಲವನ್ನೂ ಅಳೆದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಉದ್ದದ ಮೇಜು ಬೇಕಾಗುತ್ತದೆ. ಆದ್ದರಿಂದ ನೆಲವನ್ನು ಗೊಂಬೆಗಿಂತ ಬಹಳ ಹೆಚ್ಚು ಕುಗ್ಗಿಸುತ್ತಾರೆ.
- ಜನಸಂಖ್ಯೆಯ ಪ್ರಮಾಣ: ಒಂದು ಗೊಂಬೆ ಎಷ್ಟು ಸೈನಿಕರಿಗೆ ಸಮ ಎಂಬ ಲೆಕ್ಕ. 1:20ರಂತೆ 600 ಜನರ ಪಟಾಲಂಗೆ 30 ಗೊಂಬೆಗಳು ಸಾಕು.

ಬಣ್ಣ ಹಚ್ಚುವ ಕ್ರಮ

ಮೊದಲು ಎರಕದ ಅಂಚುಗಳಲ್ಲಿ ಉಳಿದ ಗೆರೆಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆಯುತ್ತಾರೆ. ಅಚ್ಚಿನ ಜಿಡ್ಡು ಹೋಗಲು ಸಾಬೂನು ನೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಕೀಲುಗಳಲ್ಲಿನ ಸಂದುಗಳನ್ನು ಎಂ-ಸೀಲ್‌ನಂತಹ ಎಪಾಕ್ಸಿ ಕಣಕದಿಂದ ಮುಚ್ಚಬಹುದು. ಸೀಸವಿರುವ ಲೋಹವನ್ನು ಅರೆಯುವಾಗ ಪುಡಿ ಗಾಳಿಗೆ ಹಾರದಂತೆ ಒದ್ದೆ ಮಾಡಿಕೊಂಡು ಉಜ್ಜುವುದು, ಮುಖಕ್ಕೆ ಮಾಸ್ಕ್ ಧರಿಸುವುದು, ಕೆಲಸದ ನಂತರ ಕೈ ತೊಳೆಯುವುದು ಅಗತ್ಯ. ಇಂತಹ ಗೊಂಬೆಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಕುಂಚದ ತುದಿಯನ್ನು ಬಾಯಿಯಿಂದ ಚೂಪು ಮಾಡುವ ಅಭ್ಯಾಸವೂ ಸಲ್ಲದು.

ಮುಂದಿನ ಹಂತಗಳು ಹೀಗಿವೆ.

1. ಅಸ್ತರು: ಬಣ್ಣ ಹಿಡಿಯಲೆಂದು ತೆಳುವಾಗಿ ಪ್ರೈಮರ್ ಹಚ್ಚುವುದು. ಕಪ್ಪು ಅಸ್ತರು ನೆರಳುಗಳನ್ನು ಉಳಿಸಿಕೊಡುತ್ತದೆ, ಬಿಳಿ ಅಸ್ತರು ಮೇಲಿನ ಬಣ್ಣಕ್ಕೆ ಹೊಳಪು ಕೊಡುತ್ತದೆ.
2. ಮೂಲ ಬಣ್ಣ: ಚರ್ಮ, ಉಡುಪು, ಆಯುಧಗಳಿಗೆ ಒಳಗಿನಿಂದ ಹೊರಕ್ಕೆ ಬಣ್ಣ ತುಂಬುವುದು. ದಪ್ಪಗೆ ಒಮ್ಮೆ ಹಚ್ಚುವುದಕ್ಕಿಂತ ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಹಚ್ಚುವುದು ಮೇಲು, ಏಕೆಂದರೆ ದಪ್ಪ ಬಣ್ಣ ಕೆತ್ತನೆಯನ್ನು ಮುಚ್ಚಿಬಿಡುತ್ತದೆ.
3. ನೆರಳು: ಬಹಳ ತೆಳುವಾದ ಕಂದು ಅಥವಾ ಕಪ್ಪು ಬಣ್ಣವನ್ನು ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು ಆಳವನ್ನು ತೋರಿಸುತ್ತದೆ. ಇದನ್ನು ವಾಶ್ ಎನ್ನುತ್ತಾರೆ.
4. ಬೆಳಕು: ಉಬ್ಬಿದ ಭಾಗಗಳಿಗೆ ಮೂಲ ಬಣ್ಣಕ್ಕಿಂತ ತಿಳಿಯಾದ ಬಣ್ಣ ಹಚ್ಚುವುದು. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದುದನ್ನು ಉಬ್ಬುಗಳ ಮೇಲೆ ಸವರುವ ಕ್ರಮಕ್ಕೆ ಡ್ರೈ ಬ್ರಶ್ ಎಂದು ಹೆಸರು. ಕುದುರೆಯ ಕೇಸರ, ಆನೆಯ ಚರ್ಮಗಳಿಗೆ ಇದು ಒಪ್ಪುತ್ತದೆ.
5. ರಕ್ಷಣೆ: ಕೊನೆಗೆ ವಾರ್ನಿಶ್ ಬಳಿಯುವುದು. ಮಳೆಗಾಲದ ತೇವದಲ್ಲಿ ಸಿಂಪಡಿಸುವ ವಾರ್ನಿಶ್ ಬಿಳಿಮಂಜಿನಂತೆ ಮಸುಕಾಗಬಹುದು. ಧಾರವಾಡ, ಬೆಳಗಾವಿಗಳಂತಹ ಮಳೆಯ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದಿಂದ ಬಳಿಯುವುದು ಕ್ಷೇಮ.

ನೂರಾರು ಗೊಂಬೆಗಳಿರುವಾಗ ಒಂದೊಂದನ್ನೇ ಮುಗಿಸದೆ, ಹತ್ತು ಹನ್ನೆರಡನ್ನು ಸಾಲಾಗಿ ನಿಲ್ಲಿಸಿ ಒಂದು ಬಣ್ಣವನ್ನು ಎಲ್ಲಕ್ಕೂ ಹಚ್ಚಿ ಮುಂದಿನ ಬಣ್ಣಕ್ಕೆ ಹೋಗುತ್ತಾರೆ. ಇದರಿಂದ ಸಮಯ ಉಳಿಯುವುದಲ್ಲದೆ ಇಡೀ ದಳಕ್ಕೆ ಏಕರೂಪತೆ ಬರುತ್ತದೆ.

ಪೀಠ ಮತ್ತು ದಳ ವಿಂಗಡಣೆ

ಗೊಂಬೆಗಳನ್ನು ಮರದ ಹಲಗೆ, ರಟ್ಟು ಅಥವಾ ಪ್ಲಾಸ್ಟಿಕ್ ಪೀಠಗಳಿಗೆ ಅಂಟಿಸುತ್ತಾರೆ. ಪೀಠದ ಅಗಲವನ್ನು ಆಟದ ನಿಯಮವೇ ನಿರ್ಧರಿಸುತ್ತದೆ. ಉದಾಹರಣೆಗೆ, 1990ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳಲ್ಲಿ ಒಂದು ಸೇನೆ ಎಂದರೆ 12 ಪೀಠಗಳು. 15 ಮಿ.ಮೀ. ಗೊಂಬೆಗಳಿಗೆ ಪ್ರತಿ ಪೀಠದ ಮುಂಭಾಗ 40 ಮಿ.ಮೀ. ಇರುತ್ತದೆ. ಬಿಗಿಯಾಗಿ ಸಾಲುಗಟ್ಟಿದ ಪದಾತಿಗಳನ್ನು ಒಂದು ಪೀಠದಲ್ಲಿ ಒತ್ತೊತ್ತಾಗಿಯೂ ಚದುರಿ ಹೋರಾಡುವವರನ್ನು ಎರಡು ಮೂರರಂತೆ ವಿರಳವಾಗಿಯೂ ನಿಲ್ಲಿಸುವುದರಿಂದ, ನೋಡಿದೊಡನೆ ದಳದ ಬಗೆ ತಿಳಿಯುತ್ತದೆ.

ಪೀಠಕ್ಕೆ ಫೆವಿಕಾಲ್ ಸವರಿ, ಜರಡಿ ಹಿಡಿದ ಮರಳು ಉದುರಿಸಿ ಬಣ್ಣ ಹಚ್ಚುವುದು ಸುಲಭದ ಕ್ರಮ. ನೆಲದ ಬಣ್ಣವೂ ಇತಿಹಾಸದ ಭಾಗವೇ. ಶ್ರೀರಂಗಪಟ್ಟಣದ ಸುತ್ತಿನ ಕೆಂಪು ಮಣ್ಣಿಗೂ ಬಯಲುಸೀಮೆಯ ಎರೆಭೂಮಿಗೂ ವ್ಯತ್ಯಾಸವಿದೆ. ಯುರೋಪಿನ ಹಸಿರು ಹುಲ್ಲನ್ನು ಬೇಸಿಗೆಯ ಮೈಸೂರು ಸೀಮೆಯ ಕದನಕ್ಕೆ ಅಂಟಿಸಿದರೆ ದೃಶ್ಯ ಸುಳ್ಳಾಗುತ್ತದೆ.

ಕರ್ನಾಟಕದ ಸೇನೆಗಳಿಗೆ ಆಧಾರಗಳು

ಯಾವ ಸೈನಿಕ ಯಾವ ಬಣ್ಣ ತೊಟ್ಟಿದ್ದನು ಎಂಬ ಪ್ರಶ್ನೆಯೇ ಈ ಹವ್ಯಾಸವನ್ನು ಇತಿಹಾಸದ ಅಧ್ಯಯನಕ್ಕೆ ಹತ್ತಿರ ತರುತ್ತದೆ. ಆಧಾರಗಳ ಗುಣ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ.

ವೀರಗಲ್ಲು ಮತ್ತು ಶಿಲ್ಪಗಳು: ವೀರಗಲ್ಲುಗಳು ಬಿಲ್ಲು, ಕತ್ತಿ, ಗುರಾಣಿ, ಕುದುರೆಯ ಸಜ್ಜುಗಳನ್ನು ತೋರಿಸುತ್ತವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಬೇಗೂರು ವೀರಗಲ್ಲಿನಲ್ಲಿ ಇಡೀ ಕದನವೇ ಕೆತ್ತಲ್ಪಟ್ಟಿದೆ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳುಗಳ ಸಾಲುಗಳಿವೆ. ಇವು ಆಕಾರವನ್ನು ಹೇಳುತ್ತವೆ, ಬಣ್ಣವನ್ನು ಹೇಳುವುದಿಲ್ಲ. ವಿಜಯನಗರದ ಮಟ್ಟಿಗೆ, 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಮಹಾನವಮಿಯ ಸೇನಾ ಪ್ರದರ್ಶನದ ವರ್ಣನೆಯಿಂದ ಈ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತಾನೆ.

ಮೈಸೂರು ಯುದ್ಧಗಳು: ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳ (1767–1799) ಬಗ್ಗೆ ಸಾಮಗ್ರಿ ಹೇರಳವಾಗಿದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯಲ್ಲಿ ಈ ಕದನದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಮುತ್ತಿಗೆ ಹಾಕಿದ ಮೈಸೂರು ರಾವುತರು ಅದರಲ್ಲಿ ಕಾಣುತ್ತಾರೆ. ಸೋತ ಪಡೆಯವರಲ್ಲ, ಗೆದ್ದ ಮೈಸೂರಿನವರೇ ಬರೆಸಿದ ಚಿತ್ರವೆಂಬುದು ಇದರ ವಿಶೇಷ. ಆದರೆ ಮೂಲ ಚಿತ್ರದ ಮೇಲೆ ಮುಂದೆ ದುರಸ್ತಿಯ ಕೈಗಳು ಬಿದ್ದಿರುವುದರಿಂದ ಅದರ ಪ್ರತಿಯೊಂದು ಬಣ್ಣವನ್ನೂ 18ನೆಯ ಶತಮಾನದ್ದೆಂದು ನಂಬುವಂತಿಲ್ಲ.

ಟಿಪ್ಪುವಿನ ಕ್ರಮಬದ್ಧ ಪದಾತಿಗಳ ಉಡುಪಿನಲ್ಲಿ ಹುಲಿಪಟ್ಟೆಯ ವಿನ್ಯಾಸವಿತ್ತು. ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾ ಕೈಪಿಡಿ ಅವನ ಸೇನೆಯ ರಚನೆಯನ್ನು ತಿಳಿಸುತ್ತದೆ. ಕುಷೂನ್ ಎಂಬ ದಳಗಳೊಂದಿಗೆ ರಾಕೆಟ್ ಹಾರಿಸುವವರ ತಂಡಗಳಿರುತ್ತಿದ್ದವು. ಆ ರಾಕೆಟ್ಟುಗಳ ಕಬ್ಬಿಣದ ಕೊಳವೆಗಳು 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ದೊರೆತವು. ಹೀಗಾಗಿ ರಾಕೆಟ್ ದಳದ ಗೊಂಬೆ ಮಾಡುವವನಿಗೆ ನಿಜವಾದ ವಸ್ತುವೇ ಮಾದರಿಯಾಗಿ ದೊರಕಿದೆ.

ಬ್ರಿಟಿಷ್ ಚಿತ್ರಗಳನ್ನು ಬಳಸುವಾಗ ಎಚ್ಚರ ಬೇಕು. ರಾಬರ್ಟ್ ಹೋಮ್ 1791–92ರಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಇದ್ದು ಮೈಸೂರು ಸೀಮೆಯನ್ನು ಕಣ್ಣಾರೆ ಕಂಡವನು. ಇದಕ್ಕೆ ವ್ಯತಿರಿಕ್ತವಾಗಿ, 1799ರ ಶ್ರೀರಂಗಪಟ್ಟಣದ ಪತನವನ್ನು ಮರುವರ್ಷವೇ ಬೃಹತ್ ಪಟದಲ್ಲಿ ತೋರಿಸಿದ ರಾಬರ್ಟ್ ಕೆರ್ ಪೋರ್ಟರ್ ಅದನ್ನು ಬರೆದದ್ದು ಲಂಡನ್ನಿನಲ್ಲಿ. ಇಬ್ಬರ ಚಿತ್ರಗಳಿಗೂ ಒಂದೇ ತೂಕ ಕೊಡಲಾಗದು.

ಕಿತ್ತೂರು: ಧಾರವಾಡದಿಂದ ಬೇಲೂರು ಕೈಗಾರಿಕಾ ಪ್ರದೇಶವನ್ನು ಹಾದು ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿ ಕಿತ್ತೂರು ಇದೆ. 1824ರ ಅಕ್ಟೋಬರ್ 23ರಂದು ಇಲ್ಲಿ ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಕೋಟೆಯ ಅವಶೇಷ ಮತ್ತು ಅಲ್ಲಿನ ವಸ್ತುಸಂಗ್ರಹಾಲಯ ನೋಡಲು ಸಿಗುತ್ತವೆ. ಆದರೆ ಮೈಸೂರಿಗೆ ಇರುವಷ್ಟು ಚಿತ್ರಸಾಮಗ್ರಿ ಕಿತ್ತೂರಿಗೆ ಇಲ್ಲ. ನಮ್ಮ ಕಣ್ಣಿಗೆ ಕಟ್ಟಿರುವ ಕಿತ್ತೂರಿನ ವೀರರ ರೂಪ ಬಹುಮಟ್ಟಿಗೆ ನಾಟಕ, ಕ್ಯಾಲೆಂಡರ್, ಪ್ರತಿಮೆಗಳಿಂದ ಮತ್ತು 1961ರ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರದಿಂದ ಬಂದುದು. ಇಂತಹ ಸಂದರ್ಭದಲ್ಲಿ ಧೋತರ, ರುಮಾಲು, ಕಂಬಳಿಗಳಂತಹ ಪ್ರಾದೇಶಿಕ ಉಡುಪಿನ ಸಹಜ ಬಣ್ಣಗಳನ್ನು ಬಳಸಿ, ಅದು ಊಹೆಯೆಂದು ಪೀಠದ ಅಡಿಯಲ್ಲಿ ಅಥವಾ ಟಿಪ್ಪಣಿಯಲ್ಲಿ ಬರೆದಿಡುವುದು ಪ್ರಾಮಾಣಿಕ ಮಾರ್ಗ. ಎಲ್ಲ ಯೋಧರಿಗೂ ಒಂದೇ ಬಣ್ಣದ ಸಮವಸ್ತ್ರ ತೊಡಿಸಿದರೆ, ಇಲ್ಲದ ಇತಿಹಾಸವನ್ನು ಮಾಡಿ ಮುಂದಿನವರಿಗೆ ಕೊಟ್ಟಂತಾಗುತ್ತದೆ.

ಸ್ಥಳೀಯ ಗೊಂಬೆ ಪರಂಪರೆಯೊಂದಿಗೆ ಹೋಲಿಕೆ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು ಮೊದಲಾದವುಗಳಿಂದ ಮೈ ಕಟ್ಟಿ, ಮೇಲೆ ನುಣುಪಾದ ಲೇಪ ಕೊಟ್ಟು, ಅನಂತರ ಬಣ್ಣ ಹಚ್ಚುತ್ತಾರೆ. ಅಸ್ತರಿನ ತತ್ತ್ವ ಎರಡರಲ್ಲೂ ಒಂದೇ. ಮೈಸೂರು ಸೀಮೆಯ ನವರಾತ್ರಿ ಬೊಂಬೆ ಸಾಲುಗಳಲ್ಲಿ ಜಂಬೂಸವಾರಿಯ ಆನೆ, ಕುದುರೆ, ಸಿಪಾಯಿಗಳನ್ನು ಕ್ರಮವಾಗಿ ಜೋಡಿಸುವ ರೂಢಿಯಿದೆ. ಅಲ್ಲಿ ಉದ್ದೇಶ ಹಬ್ಬ ಮತ್ತು ಮೆರವಣಿಗೆ, ಇಲ್ಲಿ ಆಟ ಮತ್ತು ಅಧ್ಯಯನ.

ಸಂಗ್ರಹ ಮತ್ತು ಸಂರಕ್ಷಣೆ

ಪೀಠದ ಅಡಿಗೆ ಅಯಸ್ಕಾಂತದ ಹಾಳೆ ಅಂಟಿಸಿ ಉಕ್ಕಿನ ತಗಡಿನ ಡಬ್ಬಿಯಲ್ಲಿ ಇಟ್ಟರೆ ಸಾಗಿಸುವಾಗ ಗೊಂಬೆಗಳು ಒಂದಕ್ಕೊಂದು ಬಡಿಯುವುದಿಲ್ಲ. ಕೆಲವು ಜಾತಿಯ ಮರಗಳು, ಮುಖ್ಯವಾಗಿ ಓಕ್, ಹೊರಬಿಡುವ ಆಮ್ಲದ ಆವಿಯಿಂದ ಸೀಸದ ಗೊಂಬೆಗಳ ಮೇಲೆ ಬಿಳಿಯ ಪುಡಿ ಏಳುತ್ತದೆ. ಆದ್ದರಿಂದ ಹಳೆಯ ಸೀಸದ ಗೊಂಬೆಗಳನ್ನು ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಬಹುಕಾಲ ಇಡಬಾರದು. ಪ್ರತಿ ಡಬ್ಬಿಯ ಮೇಲೆ ಯುದ್ಧ, ದಳ, ಗೊಂಬೆಗಳ ಸಂಖ್ಯೆ ಮತ್ತು ಬಳಸಿದ ಬಣ್ಣಗಳ ಹೆಸರನ್ನು ಬರೆದಿಟ್ಟರೆ ಮುಂದೆ ದಳವನ್ನು ಬೆಳೆಸುವಾಗ ಅದೇ ಬಣ್ಣ ಹೊಂದಿಸಲು ಅನುಕೂಲವಾಗುತ್ತದೆ.

ಟೀಕೆ ಮತ್ತು ಶೈಕ್ಷಣಿಕ ಉಪಯೋಗ

ಯುದ್ಧವನ್ನು ವಿನೋದವಾಗಿಸುತ್ತದೆ ಎಂಬ ಆಕ್ಷೇಪ ಈ ಆಟದ ಮೇಲಿದೆ. ಗೊಂಬೆ ಬಿದ್ದರೆ ಎತ್ತಿ ಡಬ್ಬಿಗೆ ಹಾಕಬಹುದು. ಕ್ಷಾಮ, ಸೆರೆ, ಹಳ್ಳಿಗಳ ಸುಲಿಗೆ ಮೇಜಿನ ಮೇಲೆ ಕಾಣುವುದಿಲ್ಲ. ವೆಲ್ಸ್ ಸ್ವತಃ ತನ್ನ ಪುಸ್ತಕದ ಕೊನೆಯಲ್ಲಿ, ನಿಜವಾದ ಯುದ್ಧಕ್ಕಿಂತ ಚಿಕ್ಕ ಯುದ್ಧವೇ ಲೇಸೆಂದು ವಾದಿಸಿದ್ದನು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಶಿಕ್ಷಣದ ದೃಷ್ಟಿಯಿಂದ ಈ ಹವ್ಯಾಸಕ್ಕೆ ಬೆಲೆಯಿದೆ. ಪ್ರಮಾಣಗಳ ಲೆಕ್ಕ, ಭೂಪಟದ ಓದು, ಆಧಾರಗಳ ಹೋಲಿಕೆ ಇವೆಲ್ಲವೂ ಒಂದೇ ಕೆಲಸದಲ್ಲಿ ಸೇರಿಕೊಳ್ಳುತ್ತವೆ. ಲೋಹದ ಗೊಂಬೆಗಳು ದುಬಾರಿಯಾದ್ದರಿಂದ ಶಾಲೆಗಳಲ್ಲಿ ದಪ್ಪ ಕಾಗದದ ಮೇಲೆ ಬಿಡಿಸಿ ಕತ್ತರಿಸಿದ ಸೈನಿಕರನ್ನು ಬಳಸಬಹುದು. ಬಣ್ಣ ತುಂಬುವ ಮೊದಲು ‘ಇದು ಹೇಗೆ ಗೊತ್ತು?’ ಎಂದು ವಿದ್ಯಾರ್ಥಿಗಳು ಕೇಳಿಕೊಳ್ಳುವಂತಾಗುವುದು ಈ ಚಟುವಟಿಕೆಯ ಮುಖ್ಯ ಪ್ರಯೋಜನ.

ಇವನ್ನೂ ನೋಡಿ

- ಚದುರಂಗ
- ಆಂಗ್ಲೋ-ಮೈಸೂರು ಯುದ್ಧಗಳು
- ದರಿಯಾ ದೌಲತ್
- ಕಿತ್ತೂರು ಚೆನ್ನಮ್ಮ
- ವೀರಗಲ್ಲು
- ಕಿನ್ನಾಳ ಕಲೆ